ಬೀದಿ ಅಳೆಯುವವರ ಭಾನುವಾರ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಭಾನುವಾರದ ಬೆಳಗು ಇನ್ನೂ ಪೂರ್ಣವಾಗಿ ಕಣ್ತೆರೆಯದೆ, ಹಾಲಿನವನ ಸೈಕಲ್ಲೂ ಹೂವಿನ ಬುಟ್ಟಿಗಳೂ ಮಾತ್ರ ಬೀದಿಯನ್ನು ಆಳುತ್ತಿರುವ ಹೊತ್ತಿನಲ್ಲಿ, ಹತ್ತು ಹನ್ನೆರಡು ಮಂದಿಯ ಗುಂಪೊಂದು ಒಂದು ಕೈಯಲ್ಲಿ ಮೊಬೈಲನ್ನೂ ಇನ್ನೊಂದರಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದವನ್ನೂ ಹಿಡಿದು, ತಲೆಯೆತ್ತಿ ಅಂಗಡಿಯ ಫಲಕಗಳನ್ನು ಓದುತ್ತ, ಮೂಲೆಮೂಲೆಗೂ ನಿಂತು ಏನನ್ನೋ ಗುರುತು ಹಾಕಿಕೊಳ್ಳುತ್ತ ಸಾಗುವುದನ್ನು ಕಲ್ಪಿಸಿಕೊಳ್ಳಿ.

ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿರುವ ಹಿರಿಯರಿಗೆ ಸಂಶಯ ಹುಟ್ಟುವುದು ಸಹಜವೇ. “ಯಾವ ಆಫೀಸಿಂದ ಬಂದಿದ್ದೀರಿ ಸ್ವಾಮಿ? ರಸ್ತೆ ಅಗಲ ಮಾಡ್ತಾರಾ?”

“ಇಲ್ಲ ಯಜಮಾನರೇ, ಆಫೀಸಿನವರಲ್ಲ. ನಕ್ಷೆ ಬರೀತಿದ್ದೀವಿ.”

“ಸಂಬಳ ಯಾರು ಕೊಡ್ತಾರೆ?”

“ಯಾರೂ ಕೊಡೋದಿಲ್ಲ.”

ಈ ಕೊನೆಯ ಉತ್ತರವನ್ನು ಕೇಳಿದ ಮೇಲೆ ಹಿರಿಯರ ಸಂಶಯ ಕಡಮೆಯಾಗುವುದಿಲ್ಲ; ಇಮ್ಮಡಿಸುತ್ತದೆ.

ಆದರೆ ಉತ್ತರವೇನೋ ಸತ್ಯವಾದದ್ದು. ಅಂತರಜಾಲದಲ್ಲಿ ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಲೋಕನಕ್ಷೆಯೊಂದುಂಟು. ಮನೆಯಲ್ಲಿ ಒಬ್ಬೊಬ್ಬರಾಗಿ ಕುಳಿತು ಅದನ್ನು ತಿದ್ದುವ ಸ್ವಯಂಸೇವಕರು ಆಗಾಗ ಒಂದೆಡೆ ಕಲೆತು, ಒಂದು ಪ್ರದೇಶವನ್ನು ಹಂಚಿಕೊಂಡು ನಡೆದು ನೋಡಿ, ಕಂಡದ್ದನ್ನು ಸಂಜೆಯೊಳಗೆ ನಕ್ಷೆಗೆ ಏರಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಇದಕ್ಕೆ ಅವರು ‘ಮ್ಯಾಪಿಂಗ್ ಪಾರ್ಟಿ’ ಎನ್ನುತ್ತಾರೆ. ಪಾರ್ಟಿ ಎಂಬ ಮಾತನ್ನು ನಂಬಿ ಬರಿಗಾಲಿಗೆ ಚಪ್ಪಲಿ ಮೆಟ್ಟಿ ಬಂದವರು ಮಧ್ಯಾಹ್ನದ ಹೊತ್ತಿಗೆ ಪಶ್ಚಾತ್ತಾಪ ಪಡುವುದುಂಟು.

ಲಂಡನ್ನಿನಲ್ಲಿ ಮೊಳೆತ ಹಟ

ಇಂಗ್ಲೆಂಡಿನಲ್ಲಿ 1791ರಷ್ಟು ಹಿಂದೆಯೇ ಆರಂಭವಾದ ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆ ಆ ದೇಶದ ನೆಲವನ್ನು ಅತಿ ಸೂಕ್ಷ್ಮವಾಗಿ ಅಳೆದಿಟ್ಟಿತ್ತಾದರೂ, ಆ ಅಳತೆಯ ವಿವರಗಳನ್ನು ಬಳಸಬೇಕೆನ್ನುವವರು ಹಣ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. 2004ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದ ಸ್ಟೀವ್ ಕೋಸ್ಟ್ ಎಂಬಾತ, ನಡೆಯುವ ಹಾದಿ ಎಲ್ಲರದೂ ಆಗಿರುವಾಗ ಹಾದಿಯ ಚಿತ್ರ ಮಾತ್ರ ಏಕೆ ಬೀಗದೊಳಗಿರಬೇಕೆಂಬ ಹಟದಿಂದ, ಮೂರು ವರ್ಷಗಳ ಹಿಂದೆ ಹುಟ್ಟಿದ್ದ ವಿಕಿಪೀಡಿಯದ ಮಾದರಿಯನ್ನೇ ನಕ್ಷೆಗೂ ಅನ್ವಯಿಸಿದನು.

ಆ ಹಟಕ್ಕೆ ಕಾಲವೂ ಅನುಕೂಲವಾಗಿತ್ತು. ಉಪಗ್ರಹಗಳ ಸಂಕೇತದಿಂದ ನಾವು ನಿಂತ ಸ್ಥಳವನ್ನು ತಿಳಿಸುವ ಜಿಪಿಎಸ್ ವ್ಯವಸ್ಥೆಯಲ್ಲಿ ಸಾಮಾನ್ಯ ಜನರ ಪಾಲಿಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕದ ಸರ್ಕಾರ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪುತ್ತಿದ್ದ ಲೆಕ್ಕ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಬೀದಿಯೊಂದನ್ನು ಗುರುತಿಸಲು ಅಷ್ಟು ಸಾಕು.

ಮೊದಲ ದೊಡ್ಡ ಕೂಟ ನಡೆದದ್ದು 2006ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಅಂಟಿಕೊಂಡಂತಿರುವ ವೈಟ್ ದ್ವೀಪದಲ್ಲಿ. ಸುಮಾರು 380 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪಕ್ಕೆ ಮೂವತ್ತು ನಲವತ್ತು ಮಂದಿ ವಾರಾಂತ್ಯದಲ್ಲಿ ಬಂದಿಳಿದು, ಕೆಲವರು ಕಾರಿನಲ್ಲಿಯೂ ಕೆಲವರು ಸೈಕಲ್ಲಿನಲ್ಲಿಯೂ ಉಳಿದವರು ಕಾಲ್ನಡಿಗೆಯಲ್ಲಿಯೂ ಸುತ್ತಿ, ಅದರ ರಸ್ತೆಗಳಲ್ಲಿ ಬಹುಭಾಗವನ್ನು ದಾಖಲಿಸಿದರು. ದ್ವೀಪವನ್ನು ಆರಿಸಿದ್ದರಲ್ಲಿ ಒಂದು ಜಾಣತನವಿತ್ತು: ನಾಲ್ಕು ಕಡೆಯೂ ಸಮುದ್ರವಿದ್ದಲ್ಲಿ ಕೆಲಸ ಎಲ್ಲಿ ಮುಗಿಯಿತೆಂಬುದರ ವಿಷಯದಲ್ಲಿ ವಾದಕ್ಕೆ ಅವಕಾಶವಿಲ್ಲ.

ಈಗ ಈ ನಕ್ಷೆಯಲ್ಲಿ ಖಾತೆ ತೆರೆದವರು ಒಂದು ಕೋಟಿಗೂ ಮೀರಿದ್ದಾರೆ; ತಿಂಗಳೊಂದರಲ್ಲಿ ನಿಜವಾಗಿ ಕೈಯಾಡಿಸುವವರು ಅದರಲ್ಲಿ ಕೆಲವು ಹತ್ತು ಸಾವಿರ ಮಂದಿ ಮಾತ್ರ. ಜರ್ಮನಿಯ ಊರುಗಳಲ್ಲಿ ಇವರು ತಿಂಗಳಿಗೊಮ್ಮೆ ಪಾನಗೃಹದ ಒಂದೇ ಮೇಜಿನ ಸುತ್ತ ಸೇರುವುದು ವ್ರತದಂತೆ ನಡೆದುಬಂದಿದೆ. ಏಷ್ಯ ಖಂಡದ ಇವರ ವಾರ್ಷಿಕ ಸಮ್ಮೇಳನ 2018ರಲ್ಲಿ ಬೆಂಗಳೂರಿನಲ್ಲಿಯೇ ನೆರವೇರಿತು.

ಅಳತೆಗೆ ಹೊಸದಲ್ಲದ ಊರು

ಬೆಂಗಳೂರು ಇಂಥ ಕೆಲಸಕ್ಕೆ ಹೊಸ ಊರೇನಲ್ಲ. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಕೆಂಪೇಗೌಡನು ಬೀದಿಗಳ ಗೆರೆ ಎಳೆಸಿದನೆಂಬ ಐತಿಹ್ಯವನ್ನು ನಂಬುವುದಾದರೆ, ಈ ಊರಿನ ಮೊದಲ ನಕ್ಷೆಯನ್ನು ಎತ್ತುಗಳು ನೆಲದ ಮೇಲೆಯೇ ಬರೆದುವೆನ್ನಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ, ಇಡೀ ಭಾರತವನ್ನು ತ್ರಿಕೋನಗಳಲ್ಲಿ ಕಟ್ಟಿಹಾಕಿದ ಮಹಾಸರ್ವೇಕ್ಷಣೆಗೆ ಪೂರ್ವಭಾವಿಯಾಗಿ, ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಮೀರಿದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. ಆ ನೂರಡಿಯ ಸರಪಳಿ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೊರಟು, ಅಲ್ಲಿ ಸಲ್ಲದೆ, ಕಲ್ಕತ್ತೆಯಲ್ಲಿ ಮಾರಾಟವಾಗಿ ಲ್ಯಾಂಬ್ಟನ್ನನ ಕೈ ಸೇರಿದ್ದು. ಅದೇ ಕಾಲದಲ್ಲಿ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ 1815ರಲ್ಲಿ ಭಾರತದ ಪ್ರಥಮ ಸರ್ವೇಯರ್ ಜನರಲ್ ಆದನು.

ಆ ಅಳತೆ ದೊರೆತನದ ಅಳತೆ. ಕಂದಾಯಕ್ಕೂ ದಂಡಯಾತ್ರೆಗೂ ಬೇಕಾಗಿ ಮಾಡಿದ್ದು. ಜಗಲಿಯ ಹಿರಿಯರ ಸಂಶಯಕ್ಕೆ ಇನ್ನೂರು ವರ್ಷಗಳ ಆಧಾರವಿದೆಯೆಂಬುದನ್ನು ಕೂಟದವರು ಮರೆಯಬಾರದು. ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ನಕ್ಷೆಯೆಂದರೆ ಅನುಮತಿಯ ವಸ್ತುವೇ ಆಗಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು ನಕ್ಷೆ ರಚನೆಗೆ ಪೂರ್ವಾನುಮತಿಯ ಅಗತ್ಯವನ್ನು ಬಹುಮಟ್ಟಿಗೆ ತೆಗೆದುಹಾಕಿದುವು. ಆದರೂ ಸೇನೆಯ ಆವರಣದ ಗೋಡೆಗಳ ಬಳಿ ಕ್ಯಾಮೆರಾ ಎತ್ತುವುದು ವಿವೇಕವಲ್ಲ.

ನಕ್ಷೆಯ ಒಳಗೇನಿದೆ

ಕೂಟದ ಸಿದ್ಧತೆಯನ್ನು ಹೇಳುವುದಕ್ಕೆ ಮೊದಲು ಈ ನಕ್ಷೆಯ ರಚನೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕು. ನಮ್ಮ ಕಣ್ಣಿಗೆ ಕಾಣುವ ಬಣ್ಣದ ಚಿತ್ರ ನಕ್ಷೆಯ ಹೊರ ಉಡುಪು. ಒಳಗಿರುವುದು ಬಿಂದುಗಳ ಮತ್ತು ಬಿಂದುಗಳನ್ನು ಪೋಣಿಸಿದ ಗೆರೆಗಳ ಒಂದು ದೊಡ್ಡ ಪಟ್ಟಿ. ಬಾವಿಯೊಂದು ಬಿಂದು, ಬೀದಿಯೊಂದು ಗೆರೆ, ಗೆರೆ ಸುತ್ತಿ ಬಂದು ತನ್ನನ್ನೇ ಕೂಡಿದರೆ ಅದು ಕೆರೆಯೋ ಕಟ್ಟಡವೋ ಆಗುತ್ತದೆ.

ಪ್ರತಿಯೊಂದಕ್ಕೂ ಗುಣವಾಚಕ ಚೀಟಿಗಳನ್ನು ಅಂಟಿಸುತ್ತ ಹೋಗುತ್ತಾರೆ: ಇದು ರಸ್ತೆ, ಡಾಂಬರು ಹಾಕಿದ್ದು, ಏಕಮುಖ ಸಂಚಾರದ್ದು, ಇದರ ಹೆಸರು ಇಂಥದು. ಈ ಚೀಟಿಗಳೇ ನಕ್ಷೆಯ ಜೀವ. ಗೆರೆಯನ್ನಾದರೆ ಆಕಾಶದಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿಟ್ಟು ಅದರ ಮೇಲೆ ತಿದ್ದಿಕೊಂಡು ಹೋಗಬಹುದು; 2010ರಿಂದ ಮೈಕ್ರೋಸಾಫ್ಟಿನ ಬಿಂಗ್ ಚಿತ್ರಗಳನ್ನು ಹಾಗೆ ಬಳಸಲು ಅನುಮತಿಯೂ ಉಂಟು. ಆದರೆ ಎಷ್ಟೇ ಎತ್ತರದಿಂದ ನೋಡಿದರೂ ಛಾವಣಿಯ ಕೆಳಗಿರುವುದು ಛತ್ರವೋ ಶಾಲೆಯೋ, ಗಲ್ಲಿಯ ತುದಿಯಲ್ಲಿರುವುದು ದಾರಿಯೋ ಬೀಗ ಹಾಕಿದ ಗೇಟೋ, ಅರಳಿಕಟ್ಟೆಯ ಪಕ್ಕದ ನಲ್ಲಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ ತಿಳಿಯುವಂತಿಲ್ಲ. ಅದನ್ನು ತಿಳಿಯಲು ಕಾಲು ಬೇಕು, ಬಾಯಿ ಬೇಕು.

ಕ್ಷೇತ್ರವೆಷ್ಟು, ಮಂದಿಯೆಷ್ಟು

ಕೂಟವನ್ನು ಏರ್ಪಡಿಸುವವರು ಮಾಡುವ ಮೊದಲನೆಯ ತಪ್ಪು ಮಹತ್ವಾಕಾಂಕ್ಷೆ. ಇಡೀ ಬಡಾವಣೆಯನ್ನು ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಐವತ್ತು ಮಂದಿಯನ್ನು ಕರೆದರೆ, ಅವರಲ್ಲಿ ನಲವತ್ತು ಮಂದಿ ಹೊಸಬರಾಗಿ, ಅವರಿಗೆ ಹೇಳಿಕೊಡುವುದರಲ್ಲಿಯೇ ಹಳಬರ ಬೆಳಗು ಸವೆದುಹೋಗುತ್ತದೆ. ನನ್ನ ಮಟ್ಟಿಗೆ ಹನ್ನೆರಡು ಮಂದಿ ಸಾಕು. ಅವರಲ್ಲಿ ಮೂವರಾದರೂ ನುರಿತವರಿರಬೇಕು. ಒಬ್ಬರಾದರೂ ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರಿರಲೇಬೇಕು. ಈ ಕೊನೆಯವರು ಕಂಪ್ಯೂಟರನ್ನು ಮುಟ್ಟಿದವರೇ ಆಗಬೇಕೆಂದಿಲ್ಲ.

ಕ್ಷೇತ್ರಕ್ಕೆ ಸ್ಪಷ್ಟವಾದ ಎಲ್ಲೆ ಬೇಕು. ವೈಟ್ ದ್ವೀಪಕ್ಕೆ ಸಮುದ್ರವಿದ್ದಂತೆ ನಮ್ಮಲ್ಲಿ ಮುಖ್ಯರಸ್ತೆ, ರೈಲುಹಳಿ, ರಾಜಕಾಲುವೆಗಳಿವೆ. ಆ ಎಲ್ಲೆಯೊಳಗಿನದನ್ನು ಲಂಡನ್ನಿನವರು ಕೇಕಿನ ಹೋಳುಗಳೆಂದು ಕರೆದು ಹಂಚಿಕೊಂಡರು. ನಾವು ಹಲಸಿನ ತೊಳೆಗಳೆನ್ನೋಣ. ತೊಳೆಯೊಂದಕ್ಕೆ ಇಬ್ಬರು, ಸಾಧ್ಯವಾದಲ್ಲಿ ಒಬ್ಬರು ಹಳಬರು ಮತ್ತೊಬ್ಬರು ಹೊಸಬರು. ಒಬ್ಬರು ನೋಡಿ ಹೇಳುವವರು, ಇನ್ನೊಬ್ಬರು ಬರೆದುಕೊಳ್ಳುವವರು. ಪೇಟೆಯಂಥ ಇಕ್ಕಟ್ಟಿನಲ್ಲಿ ಎರಡು ಗಂಟೆಗೆ ಐದಾರು ಬೀದಿಗಳಿಗಿಂತ ಹೆಚ್ಚು ಆಶಿಸುವುದು ಸಲ್ಲದು.

ಹೊತ್ತಿನ ಆಯ್ಕೆಯಲ್ಲಿಯೂ ತೊಡಕುಂಟು. ಅಂಗಡಿಗಳು ಮುಚ್ಚಿರುವಾಗ ನಡೆಯುವುದು ಸುಲಭ, ತಿಳಿಯುವುದು ಕಷ್ಟ. ತೆರೆದಿರುವಾಗ ತಿಳಿಯುವುದು ಸುಲಭ, ನಡೆಯುವುದು ಕಷ್ಟ. ಬೆಳಗ್ಗೆ ಬೀದಿಗಳ ಹೆಸರು, ಅಗಲ, ಮೆಟ್ಟಿಲು, ಗಾಲಿಕುರ್ಚಿ ಹೋಗುವಂತಿದೆಯೇ ಎಂಬಿವನ್ನು ಮುಗಿಸಿ, ಬಾಗಿಲು ತೆರೆಯುವ ಹೊತ್ತಿಗೆ ಅಂಗಡಿಗಳನ್ನು ಹಿಡಿಯುವುದು ಒಂದು ಉಪಾಯ.

ಉಪಕರಣಗಳ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ‘ಸ್ಟ್ರೀಟ್‌ಕಂಪ್ಲೀಟ್’ ಎಂಬ ಆ್ಯಪು ನಾವು ನಿಂತ ಜಾಗದ ಬಗ್ಗೆ ಒಂದೊಂದೇ ಸರಳ ಪ್ರಶ್ನೆ ಕೇಳಿ ಉತ್ತರವನ್ನು ನಕ್ಷೆಗೆ ಸೇರಿಸುತ್ತದೆ. ಹೊಸಬರಿಗೆ ಅದೇ ಉತ್ತಮ. ಹಳೆಯ ಪೇಟೆಯ ಗಲ್ಲಿಗಳಲ್ಲಿ ಎತ್ತರದ ಗೋಡೆಗಳ ನಡುವೆ ಜಿಪಿಎಸ್ ಗೆರೆ ಮನೆಗಳ ಮೇಲೆಲ್ಲ ಹಾರಾಡುವುದರಿಂದ, ಪ್ರದೇಶದ ನಕ್ಷೆಯನ್ನು ಅಚ್ಚು ಹಾಕಿ ತಂದು ಪೆನ್ಸಿಲಿನಿಂದ ಗುರುತಿಸುವುದನ್ನು ನಾನು ಮೆಚ್ಚುತ್ತೇನೆ. ಕಾಗದಕ್ಕೆ ಚಾರ್ಜು ಮುಗಿಯುವುದಿಲ್ಲ.

ಒಂದು ಸಣ್ಣ ಸೂಚನೆ ಮಾತ್ರ ಮುಖ್ಯವಾದದ್ದು: ಖಾತೆಯನ್ನು ಮನೆಯಲ್ಲಿಯೇ ತೆರೆದುಕೊಂಡು ಬರುವಂತೆ ಎಲ್ಲರಿಗೂ ತಿಳಿಸಬೇಕು. ಒಂದೇ ವೈಫೈಯಿಂದ ಹತ್ತಾರು ಹೊಸ ಖಾತೆಗಳು ಒಮ್ಮೆಗೇ ಹುಟ್ಟಿದರೆ, ಕಿಡಿಗೇಡಿಗಳ ಕಾಟದಿಂದ ಬೇಸತ್ತಿರುವ ಆ ವ್ಯವಸ್ಥೆ ಸಂಶಯಗೊಂಡು ಬಾಗಿಲು ಹಾಕಿಕೊಳ್ಳುವ ಸಂಭವವುಂಟು.

ಬಳೆಯೋ ಬಾಳೆಯೋ

ಕೂಟವೆಂಬುದು ನಿಜವಾಗಿ ಸಾರ್ಥಕವಾಗುವುದು ಹೆಸರುಗಳ ವಿಷಯದಲ್ಲಿ. ನಮ್ಮ ನಗರದ ನಕ್ಷೆಯಲ್ಲಿ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷ್ ಲಿಪಿಯಲ್ಲಿ ಮೊದಲು ಸೇರಿ, ಕನ್ನಡ ಆಮೇಲೆ ಬಂದದ್ದು. ಇಂಗ್ಲಿಷ್ ಲಿಪಿಗೆ ನಮ್ಮ ಹ್ರಸ್ವದೀರ್ಘಗಳ ಪರಿವೆಯಿಲ್ಲ, ಳಕಾರ ಲಕಾರಗಳ ವಿವೇಚನೆಯಿಲ್ಲ. ಆ ಲಿಪಿಯಲ್ಲಿ ಬಳೇಪೇಟೆಯನ್ನು ಓದಿದ ಹೊರಗಿನವನೊಬ್ಬ, ದೂರದ ಊರಿನಲ್ಲಿ ಕುಳಿತು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಬಾಳೆಪೇಟೆಯೆಂದು ಕನ್ನಡಿಸಿದರೆ, ಬಳೆ ಮಾರಿದವರ ಬೀದಿ ಒಂದು ಕ್ಷಣದಲ್ಲಿ ಹಣ್ಣಿನ ಮಂಡಿಯಾಗುತ್ತದೆ. ಜಗಲಿಯ ಹಿರಿಯರು ಈ ತಪ್ಪನ್ನು ಮಾಡಲಾರರು. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ: ಒಂದೊಂದು ಹೆಸರೂ ಅಲ್ಲಿ ಬಾಳಿದವರ ವೃತ್ತಿಯನ್ನೋ ಕುಲವನ್ನೋ ಹೇಳುತ್ತಿರುವಾಗ ಅಕ್ಷರವೊಂದು ತಪ್ಪಿದರೆ ಚರಿತ್ರೆಯೇ ತಪ್ಪುತ್ತದೆ.

ಈ ನಕ್ಷೆಯನ್ನು ರಚಿಸಿದವರು ಹೆಸರಿನ ವಿಷಯದಲ್ಲಿ ಉದಾರಿಗಳು. ಒಂದು ಬೀದಿಗೆ ಭಾಷೆಗೊಂದರಂತೆ ಹೆಸರು ಬರೆಯಲು ಬೇರೆ ಬೇರೆ ಖಾನೆಗಳುಂಟು. ಕನ್ನಡಕ್ಕೂ ಅದರದೇ ಖಾನೆಯಿದೆ. ಜನ ಬಳಸುವ ಪರ್ಯಾಯ ಹೆಸರಿಗೊಂದು, ಹಿಂದೆ ಇದ್ದ ಹೆಸರಿಗೊಂದು. ಇಂದಿನ ಅವೆನ್ಯೂ ರಸ್ತೆಯ ಹಳೆಯ ಹೆಸರಿನ ಖಾನೆಯಲ್ಲಿ ದೊಡ್ಡಪೇಟೆ ಕುಳಿತುಕೊಳ್ಳಬಹುದು. ಯಾರೂ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಹೊಸ ಬಡಾವಣೆಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಹೆಸರಿಗೆ ಬದಲಾಗಿ ಅಂಕಿಗಳಿವೆ. ಮೂರನೆಯ ಅಡ್ಡರಸ್ತೆಯೆಂಬುದು ಪ್ರತಿ ಬಡಾವಣೆಯ ಪ್ರತಿ ಬ್ಲಾಕಿಗೂ ಒಂದುಂಟು. ಅಲ್ಲಿ ಮನೆ ಹುಡುಕಿದವರು ಅನುಭವದಿಂದ ತತ್ತ್ವಜ್ಞಾನಿಗಳಾಗಿರುತ್ತಾರೆ.

ನಕಲಿನ ನಿಷೇಧ

ಕೂಟದ ಆರಂಭದಲ್ಲಿಯೇ ಗಟ್ಟಿಯಾಗಿ ಹೇಳಬೇಕಾದ ವಿಧಿಯೊಂದಿದೆ: ಗೂಗಲ್ ನಕ್ಷೆಯನ್ನು ನೋಡಿ ಬರೆಯಕೂಡದು. ಅಲ್ಲಿನ ವಿವರ ಆ ಸಂಸ್ಥೆಯ ಸ್ವತ್ತು. ಅದನ್ನು ಇಲ್ಲಿಗೆ ತಂದರೆ ಮುಕ್ತನಕ್ಷೆಯ ಮುಕ್ತತೆಗೇ ಭಂಗ. ನಕಲು ಮಾಡುವವರನ್ನು ಹಿಡಿಯಲೆಂದೇ ನಕ್ಷೆಗಾರರು ಇಲ್ಲದ ಬೀದಿಗಳನ್ನು ಸೇರಿಸಿಡುತ್ತಿದ್ದ ಸಂಪ್ರದಾಯವೂ ಹಳೆಯದು. ನೆಲ, ನೆಲದ ಮೇಲಿನ ಫಲಕ, ನೆಲದಲ್ಲಿ ಬಾಳುವ ಜನ, ಅನುಮತಿಯಿರುವ ಚಿತ್ರ: ಪ್ರಮಾಣಗಳು ಇವಿಷ್ಟೇ.

ಹಾಗೆಯೇ, ಮನೆಯಲ್ಲಿರುವವರ ಹೆಸರು ನಕ್ಷೆಗೆ ಸೇರತಕ್ಕದ್ದಲ್ಲ. ನಡೆದ ಹಾದಿಯ ಜಿಪಿಎಸ್ ಗೆರೆಯನ್ನು ಸಾರ್ವಜನಿಕವಾಗಿ ಏರಿಸುವವರು ಅದು ತಮ್ಮ ಮನೆಯ ಬಾಗಿಲಿನಿಂದಲೇ ಆರಂಭವಾಗಿದೆಯೇ ಎಂದು ಒಮ್ಮೆ ನೋಡಿಕೊಂಡು, ಆ ತುದಿಯನ್ನು ಕತ್ತರಿಸಿಬಿಡುವುದು ಲೇಸು.

ಮೇಜಿನ ಸುತ್ತ

ನಡೆದು ಬಂದವರು ಮಾಡತಕ್ಕ ಕೆಲಸದಲ್ಲಿ ಅರ್ಧ ಮಾತ್ರ ಮುಗಿದಿರುತ್ತದೆ. ಏರ್ಪಡಿಸುವವರು ಮರೆಯುವುದು ಇದನ್ನೇ. ಬೆಳಗೆಲ್ಲ ನಡೆಸಿ, ಊಟ ಹಾಕಿ, ಗುಂಪಿನ ಫೋಟೊ ತೆಗೆದು ಕಳಿಸಿಬಿಟ್ಟರೆ, ಬರೆದುಕೊಂಡ ಕಾಗದಗಳು ಚೀಲದ ತಳದಲ್ಲಿ ಮುದುಡಿ, ತಿಂಗಳು ಕಳೆದ ಮೇಲೆ ಬರೆದವರಿಗೇ ಅರ್ಥವಾಗದಂತಾಗುತ್ತವೆ. ಅಂದೇ ಮಧ್ಯಾಹ್ನ, ನೆನಪು ಹಸಿಯಾಗಿರುವಾಗಲೇ, ಎಲ್ಲರೂ ಒಂದೆಡೆ ಕುಳಿತು ನಕ್ಷೆಗೆ ಏರಿಸಬೇಕು. ಇದಕ್ಕೆ ಬೇಕಾದದ್ದು ದೊಡ್ಡ ಸಭಾಂಗಣವಲ್ಲ: ಒಂದು ಉದ್ದನೆಯ ಮೇಜು, ಸಾಕಷ್ಟು ಪ್ಲಗ್ಗು ಪಾಯಿಂಟುಗಳು, ನಿಲ್ಲದ ವೈಫೈ, ಕಾಫಿಯನ್ನು ಬೈಟು ಮಾಡಿಕೊಡಲು ಬೇಸರಪಡದ ಹೋಟೆಲು.

ಕಲಿಕೆ ನಡೆಯುವುದೂ ಈ ಮೇಜಿನಲ್ಲಿಯೇ. ಹೊಸಬನೊಬ್ಬ ಕಲ್ಯಾಣಿಗೆ ಈಜುಕೊಳದ ಚೀಟಿ ಅಂಟಿಸಿ ಉಳಿಸಲು ಹೊರಟಾಗ ಪಕ್ಕದವರು ಕೈ ಹಿಡಿಯುತ್ತಾರೆ. ಗುಂಡುತೋಪಿಗೆ ಕಾಡಿನ ಚೀಟಿಯೇ, ಉದ್ಯಾನದ ಚೀಟಿಯೇ? ಅರಳಿಕಟ್ಟೆ ಪೂಜಾಸ್ಥಳವೇ, ಕೂರುವ ಜಗಲಿಯೇ? ಯುರೋಪಿನಲ್ಲಿ ಹುಟ್ಟಿದ ಚೀಟಿಗಳ ಪಟ್ಟಿಯಲ್ಲಿ ಇವಕ್ಕೆ ಸಿದ್ಧವಾದ ಉತ್ತರವಿಲ್ಲ. ಎಲ್ಲರೂ ಕೂಡಿ ಚರ್ಚಿಸಿ ಒಂದು ರೂಢಿಯನ್ನು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಜಯನಗರದ ಕಟ್ಟೆಯೊಂದು ಬಗೆ, ಮಲ್ಲೇಶ್ವರದ ಕಟ್ಟೆ ಇನ್ನೊಂದು ಬಗೆಯಾಗುತ್ತದೆ. ಒಬ್ಬನೇ ಕುಳಿತು ಇಂಥದನ್ನು ತೀರ್ಮಾನಿಸಿದವನು ಹಟಮಾರಿಯಾಗುವುದನ್ನು ನಾನು ಕಂಡಿದ್ದೇನೆ. ಎದುರಿಗೆ ಮುಖವೊಂದಿದ್ದರೆ ಹಟ ಅಷ್ಟು ಬೆಳೆಯುವುದಿಲ್ಲ.

ಉಳಿಸಿದ ಪ್ರತಿ ತಿದ್ದುಪಡಿಯೂ ತಿದ್ದಿದವರ ಖಾತೆಯ ಹೆಸರಿನಲ್ಲಿ, ಏನು ಮಾಡಿದೆನೆಂಬ ಒಂದು ಸಾಲಿನ ವಿವರಣೆಯೊಡನೆ, ಎಲ್ಲರ ಕಣ್ಣಿಗೂ ಬೀಳುವಂತೆ ಶಾಶ್ವತವಾಗಿ ದಾಖಲಾಗುತ್ತದೆ. ಕೆಲವು ನಿಮಿಷಗಳಲ್ಲಿಯೇ ಹೊಸ ಬೀದಿ ಪರದೆಯ ಮೇಲೆ ಮೂಡುತ್ತದೆ. ತಾನು ಬರೆದ ಗಲ್ಲಿ ಲೋಕದ ನಕ್ಷೆಯಲ್ಲಿ ಕಾಣಿಸಿಕೊಂಡಾಗ ಹೊಸಬರ ಮುಖದಲ್ಲಿ ಮೂಡುವ ಸಂತೋಷವೇ ಅವರನ್ನು ಮುಂದಿನ ಕೂಟಕ್ಕೆ ಕರೆತರುತ್ತದೆ.

ದೂರದ ಊರಿಗಾಗಿ ಕುಳಿತವರು

ನಡೆಯದೆಯೇ ನಡೆಸುವ ಕೂಟವೂ ಒಂದುಂಟು. ಅದನ್ನು ಮ್ಯಾಪಥಾನ್ ಎನ್ನುತ್ತಾರೆ. 2010ರ ಜನವರಿ 12ರಂದು ಹೈಟಿ ದೇಶವನ್ನು ಭೂಕಂಪ ನೆಲಸಮ ಮಾಡಿದಾಗ, ರಾಜಧಾನಿ ಪೋರ್ಟೊಪ್ರಿನ್ಸಿಗೆ ಹೆಸರಿಗೆ ತಕ್ಕ ನಕ್ಷೆಯೇ ಇರಲಿಲ್ಲ. ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಲೋಕದ ಮೂಲೆಮೂಲೆಗಳ ನೂರಾರು ಮಂದಿ ಕೆಲವೇ ದಿನಗಳಲ್ಲಿ ಆ ನಗರದ ಬೀದಿಗಳನ್ನು ಬರೆದರು. ರಕ್ಷಣಾ ತಂಡಗಳು ಅದನ್ನೇ ಹಿಡಿದು ನಡೆದುವು. 2015ರ ಏಪ್ರಿಲ್ 25ರ ನೇಪಾಳದ ಭೂಕಂಪದಲ್ಲಿ ಹಾಗೆ ಕುಳಿತವರ ಸಂಖ್ಯೆ ಸಾವಿರಗಳಿಗೆ ಏರಿತು.

ನೇಪಾಳದ ವಿಷಯದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಭೂಕಂಪಕ್ಕೆ ಎರಡು ಮೂರು ವರ್ಷ ಮುಂಚಿನಿಂದಲೇ ಕಾಠ್ಮಂಡುವಿನ ತರುಣರು, ಮುಂದೆ ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂದು ಹೆಸರಾದವರು, ಕಣಿವೆಯ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆದು ನೋಡಿ ಗುರುತಿಸಿದ್ದರು. ಹೊರಗಿನವರು ಗೆರೆಗಳನ್ನು ಕೊಟ್ಟರು. ಯಾವ ಕಟ್ಟಡ ಆಸ್ಪತ್ರೆಯೆಂಬುದನ್ನು ಹೇಳಬಲ್ಲವರು ಊರಿನವರೇ ಆಗಿದ್ದರು. ನಮ್ಮ ನೆರೆಯ ಚೆನ್ನೈಯಲ್ಲಿಯೂ 2015ರ ಪ್ರವಾಹದ ದಿನಗಳಲ್ಲಿ ನೀರು ನಿಂತ ಬೀದಿಗಳನ್ನು ನಾಗರಿಕರು ಇದೇ ನಕ್ಷೆಯ ಮೇಲೆ ಗುರುತಿಸಿ ಪರಸ್ಪರ ತಿಳಿಸಿದರು. ಬೀದಿ ಮೊದಲೇ ನಕ್ಷೆಯಲ್ಲಿದ್ದುದರಿಂದ ಅದು ಸಾಧ್ಯವಾಯಿತು.

ಹೊಸಬರಿಂದಲೇ ತುಂಬಿದ ಮ್ಯಾಪಥಾನುಗಳಲ್ಲಿ ದೋಷವೂ ಉಂಟು. ವಕ್ರವಾದ ಮನೆಗಳು, ಒಂದನ್ನೊಂದು ಮುಟ್ಟದ ರಸ್ತೆಗಳು ರಾಶಿ ಬಿದ್ದು, ತಿದ್ದುವವರಿಗೆ ತಿಂಗಳುಗಟ್ಟಲೆ ಕೆಲಸ ಹಚ್ಚಿದ ನಿದರ್ಶನಗಳಿವೆ. ಅದಕ್ಕಾಗಿಯೇ 2018ರಲ್ಲಿ, ಗುಂಪುಗೂಡಿ ತಿದ್ದುವವರು ತಮ್ಮ ಉದ್ದೇಶವನ್ನೂ ಹೊಣೆಗಾರರನ್ನೂ ಮುಂಚಿತವಾಗಿ ಪ್ರಕಟಿಸಬೇಕೆಂಬ ಮಾರ್ಗಸೂಚಿಯನ್ನು ಈ ನಕ್ಷೆಯ ಪ್ರತಿಷ್ಠಾನ ಗೊತ್ತುಮಾಡಿತು.

ಮಳೆಗಾಲ ಕಳೆದ ಮೇಲೆ ಇಂಥ ತಂಡವೊಂದು ನಿಮ್ಮ ಬೀದಿಗೂ ಬರಬಹುದು. ಯಾವ ಆಫೀಸಿನವರೆಂದು ಧಾರಾಳವಾಗಿ ವಿಚಾರಿಸಿ. ವಿಚಾರಿಸಿದ ಮೇಲೆ, ನಿಮ್ಮ ತಂದೆ ತಾಯಿಗಳು ಆ ಬೀದಿಯನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ದಯಮಾಡಿ ಹೇಳಿ, ಅವರು ಬರೆದುಕೊಂಡ ಅಕ್ಷರ ಸರಿಯಾಗಿದೆಯೇ ಎಂದು ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ.